ನಿಲ್ದಾಣದ ಪಕ್ಕದಲ್ಲಿ ಎಲ್ಲರಿಗೂ ಮನೆ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ನನ್ನ ತಂಗಿಯ ಮಗಳು ಸಂಸಾರ ಸಮೇತ ಬಂದಿದ್ದಳು. ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ಮಾತನಾಡುತ್ತಿದ್ದಾಗ ಅವಳ ಮನೆಗೆ ಅಡುಗೆಗೆ ಬರುವ ಹೆಂಗಸಿನ ಪ್ರಸ್ತಾಪ ಬಂತು. ಆಕೆ ಹಿಂದೆ ಅದೇ ಬೀದಿಯ ಹಿಂಭಾಗದ ವಠಾರವೊಂದರಲ್ಲಿ ಬಾಡಿಗೆಗೆ ಇದ್ದಳಂತೆ. ಮೆಟ್ರೋ ನಿಲ್ದಾಣ ಬಂತು. ವಠಾರದ ಒಡೆಯರು ಅದನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿದರು. ಈಗ ಆಕೆ ಊರಾಚೆಯ ಒಂದು ಬಡಾವಣೆಯಿಂದ ಎರಡು ಬಸ್ಸು ಬದಲಾಯಿಸಿ, ಬೆಳಗಿನ ಐದಕ್ಕೆ ಮನೆ ಬಿಟ್ಟು ಕೆಲಸಕ್ಕೆ ಬರುತ್ತಾಳೆ. "ಮಾವ, ರೈಲು ಬಂದದ್ದು ನಮ್ಮ ಮನೆ ಬಾಗಿಲಿಗೆ. ನಮ್ಮ ಮನೆಯಲ್ಲಿ ಎರಡು ಕಾರಿವೆ. ರೈಲು ಬೇಕಾಗಿದ್ದವಳು ದೂರ ಹೋದಳು. ಇದೇನು ನ್ಯಾಯ?" ಎಂದು ಕೇಳಿದಳು.

ನಾನು ಆಗ ಸಮರ್ಪಕವಾದ ಉತ್ತರ ಕೊಡಲಿಲ್ಲ. ಮೂರು ದಶಕಗಳಿಗೂ ಮಿಕ್ಕಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ನನ್ನಲ್ಲಿ ಓದಿದವರಿಗೆ ನೆನಪಿರಬಹುದು, ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗ ಸ್ಟೀಫನ್‌ಸನ್ನನ ಉಗಿಬಂಡಿಯ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು, "ರೈಲು ಜನರನ್ನು ಹತ್ತಿರ ತಂದಿತು" ಎಂಬ ವಾಕ್ಯವನ್ನು ಟಿಪ್ಪಣಿಯಾಗಿ ಬರೆಸುತ್ತಿದ್ದೆ. ಆ ವಾಕ್ಯ ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ರೈಲು ಊರುಗಳನ್ನು ಹತ್ತಿರ ತಂದಿತು. ಒಂದೇ ಊರಿನೊಳಗಿನ ಬಡವ ಬಲ್ಲಿದರನ್ನು ಹಲವು ಬಾರಿ ದೂರ ಮಾಡಿತು. ಈ ಎರಡನೆಯ ಭಾಗವನ್ನು ನಾನು ಯಾವ ತರಗತಿಯಲ್ಲೂ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುವ ಪ್ರಯತ್ನ ಮಾಡುತ್ತೇನೆ.

ನನ್ನ ಸೋದರ ಸೊಸೆಯ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಒಬ್ಬ ಹೆಣ್ಣುಮಗಳು ಕೇಳಿದ್ದಳು. ಕೇಳಿ ಸುಮ್ಮನಾಗದೆ ಒಂದು ಊರನ್ನೇ ಕಟ್ಟಿದಳು. ಆಕೆಯ ಹೆಸರು ಹೆನ್ರಿಯೆಟಾ ಬಾರ್ನೆಟ್. ಆ ಊರು ಹ್ಯಾಂಪ್‌ಸ್ಟೆಡ್ ಉದ್ಯಾನ ಉಪನಗರ.

ರೈಲು ಕೆಡವಿದ ಮನೆಗಳು

ಮೊದಲು ಹಿನ್ನೆಲೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ರೈಲ್ವೆ ಕಂಪನಿಗಳು ಲಂಡನ್ನಿನೊಳಗೆ ಹಳಿಗಳನ್ನು ತರಲು ಭೂಮಿ ಹುಡುಕಿದವು. ಶ್ರೀಮಂತರ ಮನೆಗಳನ್ನು ಕೊಳ್ಳುವುದು ದುಬಾರಿ, ಅವರ ವಿರೋಧವನ್ನು ಎದುರಿಸುವುದೂ ಕಷ್ಟ. ಬಡವರ ಗುಡಿಸಲುಗಳು ಅಗ್ಗ. ಆದ್ದರಿಂದ ಹಳಿಗಳು ಬಡವರ ಕೇರಿಗಳ ಮೇಲೆಯೇ ಹಾದುಬಂದವು. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಭವ್ಯ ಕಟ್ಟಡವನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. 1868ರಲ್ಲಿ ಪ್ರಾರಂಭವಾದ ಆ ನಿಲ್ದಾಣದ ಹಳಿಗಳಿಗಾಗಿ, ಅದಕ್ಕೆ ಎರಡು ವರ್ಷ ಮೊದಲು, ಅಗಾರ್ ಟೌನ್ ಎಂಬ ಇಡೀ ಕೇರಿಯನ್ನು ನೆಲಸಮ ಮಾಡಲಾಯಿತು. ವಾರದ ಬಾಡಿಗೆಗೆ ಇದ್ದವರಿಗೆ ಪರಿಹಾರ ಸಿಗಲಿಲ್ಲ. ಅವರು ಪಕ್ಕದ ಕೇರಿಗಳಿಗೆ ನುಗ್ಗಿ, ಒಂದು ಕೋಣೆಗೆ ಎರಡು ಸಂಸಾರದಂತೆ ತುಂಬಿಕೊಂಡರು.

ಇದಕ್ಕೆ ಪಾರ್ಲಿಮೆಂಟು ಕಂಡುಕೊಂಡ ಮದ್ದು ಕಾರ್ಮಿಕರ ಅಗ್ಗದ ರೈಲು. ಗ್ರೇಟ್ ಈಸ್ಟರ್ನ್ ರೈಲ್ವೆ ಕಂಪನಿಗೆ ನಗರದೊಳಗೆ ಬರಲು 1864ರಲ್ಲಿ ಅನುಮತಿ ಕೊಡುವಾಗ, ಬೆಳಗಿನ ಹೊತ್ತು ಕಾರ್ಮಿಕರಿಗೆ ಕಡಿಮೆ ದರದ ಬಂಡಿಗಳನ್ನು ಓಡಿಸಬೇಕೆಂಬ ಷರತ್ತು ಹಾಕಲಾಯಿತು. 1883ರ ಅಗ್ಗದ ರೈಲುಗಳ ಕಾಯಿದೆ ಈ ಏರ್ಪಾಡನ್ನು ಎಲ್ಲ ಕಂಪನಿಗಳಿಗೂ ವಿಸ್ತರಿಸಿತು. ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಯಾರೂ ಯೋಚಿಸದಂಥದ್ದು. ಅಗ್ಗದ ಬಂಡಿಗಳು ಹೋದ ಎಡ್ಮಂಟನ್, ವಾಲ್ತಮ್‌ಸ್ಟೋ ಮುಂತಾದ ಕಡೆಗಳಲ್ಲಿ ಸಾಲು ಸಾಲಾಗಿ ಕಾರ್ಮಿಕರ ಮನೆಗಳೆದ್ದವು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಗ್ಗದ ಬಂಡಿಗಳು ಹೋಗದ ದಿಕ್ಕಿನ ನಿಲ್ದಾಣಗಳ ಸುತ್ತ ಗುಮಾಸ್ತರು, ವ್ಯಾಪಾರಿಗಳು, ವಕೀಲರು ನೆಲೆಸಿದರು. ಅಲ್ಲಿ ಕೂಲಿಯವನಿರಲಿಲ್ಲ. ಒಂದು ನಗರ ರೈಲು ಟಿಕೆಟ್ಟಿನ ದರಕ್ಕನುಗುಣವಾಗಿ ಹೋಳುಹೋಳಾಯಿತು.

ವೈಟ್‌ಚಾಪೆಲ್ ಕಲಿಸಿದ ಪಾಠ

ಹೆನ್ರಿಯೆಟಾ ಹುಟ್ಟಿದ್ದು 1851ರಲ್ಲಿ, ಅನುಕೂಲಸ್ಥ ವ್ಯಾಪಾರಿಯ ಮನೆಯಲ್ಲಿ. ಯೌವನದಲ್ಲಿ ಆಕ್ಟೇವಿಯಾ ಹಿಲ್ ಎಂಬ ಸಮಾಜ ಸೇವಕಿಯ ಜತೆ ಬಡವರ ಬಾಡಿಗೆ ಮನೆಗಳ ಸುಧಾರಣೆಯ ಕೆಲಸ ಮಾಡಿದಳು. 1873ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿಯನ್ನು ಮದುವೆಯಾದಳು. ನವದಂಪತಿಗಳು ಸುಖವಾಗಿರಬಹುದಾದ ಊರನ್ನು ಆರಿಸಿಕೊಳ್ಳಲಿಲ್ಲ. ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್ಲಿನ ಸೇಂಟ್ ಜೂಡ್ ಚರ್ಚಿಗೆ ಹೋದರು. ಬಡತನ, ಕುಡಿತ, ರೋಗ, ಕಳ್ಳತನಗಳಿಗೆ ಹೆಸರಾದ ಕೇರಿ ಅದು.

ಅಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಅವರು ಮಾಡಿದ ಕೆಲಸ ದೊಡ್ಡದು. 1884ರಲ್ಲಿ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಓದಿದ ಯುವಕರು ಬಂದು ಬಡವರ ನಡುವೆ ವಾಸವಾಗಿದ್ದು, ಅವರೊಡನೆ ಕಲಿಯುತ್ತ ಕಲಿಸುತ್ತ ಇರಬೇಕೆಂಬುದು ಅದರ ಆಶಯ. ಕೇರಿಯ ಜನರಿಗಾಗಿ ಅವರು ನಡೆಸುತ್ತಿದ್ದ ಚಿತ್ರ ಪ್ರದರ್ಶನಗಳಿಂದ 1901ರಲ್ಲಿ ವೈಟ್‌ಚಾಪೆಲ್ ಕಲಾಶಾಲೆಯೇ ಹುಟ್ಟಿತು.

ಇಷ್ಟೆಲ್ಲ ಮಾಡಿದ ಮೇಲೆ ಹೆನ್ರಿಯೆಟಾಗೆ ಒಂದು ಸಂಗತಿ ಖಚಿತವಾಯಿತು. ಬಡವರಿಗೆ ದಾನ ಕೊಟ್ಟರೆ ಸಾಲದು, ಒಳ್ಳೆಯ ಮನೆ ಕಟ್ಟಿಕೊಟ್ಟರೂ ಸಾಲದು. ಬಡವರು ಒಂದು ಕಡೆ, ಉಳ್ಳವರು ಇನ್ನೊಂದು ಕಡೆ ಇರುವುದೇ ಮೂಲ ರೋಗ. ನೆರೆಹೊರೆ ಇಲ್ಲದಲ್ಲಿ ಪರಿಚಯವಿಲ್ಲ. ಪರಿಚಯವಿಲ್ಲದಲ್ಲಿ ಒಬ್ಬರಿಗೊಬ್ಬರ ಮೇಲೆ ಅನುಮಾನ ಮಾತ್ರ ಉಳಿಯುತ್ತದೆ. ಟಾಯ್ನ್‌ಬಿ ಹಾಲಿನ ಯುವಕರು ಕೆಲವು ವರ್ಷ ಇದ್ದು ಹೊರಟುಹೋಗುತ್ತಿದ್ದರು. ಹೊರಟುಹೋಗದ ನೆರೆಯವರು ಬೇಕಾಗಿತ್ತು.

ಹೊಲದ ನಡುವೆ ಒಂದು ನಿಲ್ದಾಣ

ಬಾರ್ನೆಟ್ ದಂಪತಿಗಳಿಗೆ ಲಂಡನ್ನಿನ ಉತ್ತರಕ್ಕೆ, ಹ್ಯಾಂಪ್‌ಸ್ಟೆಡ್ ಹೀತ್ ಎಂಬ ವಿಶಾಲವಾದ ಬಯಲಿನ ಅಂಚಿನಲ್ಲಿ ಒಂದು ಪುಟ್ಟ ಮನೆಯಿತ್ತು. ದಣಿದಾಗ ಅಲ್ಲಿಗೆ ಹೋಗಿ ವಿಶ್ರಮಿಸುತ್ತಿದ್ದರು. ಆ ಮನೆಯ ಆಚೆಗೆ ಹೊಲಗಳೇ. ಇಂಥ ಕಡೆಗೆ ನೆಲದಡಿಯ ರೈಲು ಬರುತ್ತದೆಂಬ ಸುದ್ದಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಬ್ಬಿತು. ಷಿಕಾಗೋದಲ್ಲಿ ಟ್ರಾಮು ಓಡಿಸಿ ಹಣ ಮಾಡಿದ್ದ ಚಾರ್ಲ್ಸ್ ಯರ್ಕೀಸ್ ಎಂಬ ಅಮೆರಿಕನ್ ಸಾಹುಕಾರ 1900ರಲ್ಲಿ ಈ ಮಾರ್ಗದ ಹಕ್ಕನ್ನು ಕೊಂಡು, ಅದನ್ನು ಹ್ಯಾಂಪ್‌ಸ್ಟೆಡ್ಡಿನಿಂದಲೂ ಆಚೆಗೆ, ಗೋಲ್ಡರ್ಸ್ ಗ್ರೀನ್ ಎಂಬ ಕೂಡುರಸ್ತೆಯವರೆಗೆ ಒಯ್ಯಲು ನಿರ್ಧರಿಸಿದ. ಅಲ್ಲಿ ಜನವಸತಿ ಅತಿ ವಿರಳ. ಜನ ಇದ್ದಲ್ಲಿಗೆ ರೈಲು ಹೋಗುವುದು ಹಳೆಯ ಕ್ರಮ. ರೈಲು ಹೋದಲ್ಲಿಗೆ ಜನ ಬರುತ್ತಾರೆ ಎಂಬುದು ಯರ್ಕೀಸನ ಲೆಕ್ಕ. ಆತ 1905ರ ಕೊನೆಯಲ್ಲಿ ತೀರಿಕೊಂಡ. ಮಾರ್ಗವನ್ನು 1907ರ ಜೂನ್ 22ರಂದು, ಮುಂದೆ ಪ್ರಧಾನಿಯಾದ ಲಾಯ್ಡ್ ಜಾರ್ಜ್ ಉದ್ಘಾಟಿಸಿದರು.

ರೈಲು ಬರುತ್ತದೆಂದು ತಿಳಿದಾಗ ಹೆನ್ರಿಯೆಟಾ ಮೊದಲು ಮಾಡಿದ್ದು ಬಯಲನ್ನು ಉಳಿಸುವ ಚಳವಳಿ. ಆ ಹೊಲಗಳು ಈಟನ್ ಕಾಲೇಜಿನ ಆಸ್ತಿಯಾಗಿದ್ದವು. ಸಮಿತಿಯೊಂದನ್ನು ಕಟ್ಟಿ, ಹಣ ಕೂಡಿಸಿ, ಎಂಬತ್ತು ಎಕರೆ ಭೂಮಿ ಶಾಶ್ವತವಾಗಿ ಸಾರ್ವಜನಿಕರ ಬಯಲಾಗಿ ಉಳಿಯುವಂತೆ ಮಾಡಿದಳು. ಇದರಿಂದ ಒಂದು ವಿಚಿತ್ರ ಪರಿಣಾಮವಾಯಿತು. ಹ್ಯಾಂಪ್‌ಸ್ಟೆಡ್ ಮತ್ತು ಗೋಲ್ಡರ್ಸ್ ಗ್ರೀನ್ ನಡುವೆ ನಾರ್ತ್ ಎಂಡ್ ಎಂಬಲ್ಲಿ ಇನ್ನೊಂದು ನಿಲ್ದಾಣ ಮಾಡಲು ಕಂಪನಿ ನೆಲದಡಿಯಲ್ಲಿ ಸುರಂಗ ಅಗೆದಾಗಿತ್ತು. ಮೇಲೆ ಮನೆಗಳೇ ಏಳುವುದಿಲ್ಲವೆಂದ ಮೇಲೆ ಪ್ರಯಾಣಿಕರು ಎಲ್ಲಿಂದ ಬರಬೇಕು? ಕೆಲಸವನ್ನು ಅರ್ಧಕ್ಕೇ ಕೈಬಿಡಲಾಯಿತು. ಒಮ್ಮೆಯೂ ಪ್ರಯಾಣಿಕರಿಗೆ ತೆರೆಯದ ಆ ನಿಲ್ದಾಣ ಇಂದಿಗೂ ನೆಲದಡಿಯಲ್ಲಿದೆ. ರೈಲುಗಳು ಅದರ ಪಕ್ಕದಲ್ಲೇ ಓಡುತ್ತವೆ.

ಬಯಲು ಉಳಿಯಿತು. ಮಿಕ್ಕ ಹೊಲಗಳ ಗತಿಯೇನು? ನಿಲ್ದಾಣ ತೆರೆದ ಕೂಡಲೇ ಭೂವ್ಯಾಪಾರಿಗಳು ಮುತ್ತುತ್ತಾರೆಂಬುದರಲ್ಲಿ ಸಂಶಯವಿರಲಿಲ್ಲ. ಎಲ್ಲವನ್ನೂ ತಡೆಯಲು ಸಾಧ್ಯವಿಲ್ಲ. ಆಗ ಆಕೆಗೆ ಹೊಳೆದದ್ದು, ಮನೆಗಳು ಹೇಗೂ ಬರುವುದಾದರೆ ಅವು ಯಾರಿಗಾಗಿ, ಹೇಗೆ ಬರಬೇಕೆಂಬುದನ್ನು ನಾವೇ ಏಕೆ ನಿರ್ಧರಿಸಬಾರದು ಎಂಬ ಆಲೋಚನೆ. 1905ರ ಫೆಬ್ರವರಿಯಲ್ಲಿ ಒಂದು ನಿಯತಕಾಲಿಕದಲ್ಲಿ ತನ್ನ ಯೋಜನೆಯನ್ನು ವಿವರಿಸಿ ಲೇಖನ ಬರೆದಳು.

ಈಟನ್ ಕಾಲೇಜಿನವರು ಭೂಮಿ ಕೊಡಲು ಹಿಂದೆಮುಂದೆ ನೋಡಿದರು. ಕಾರಣ, ಕೇಳುತ್ತಿರುವವಳು ಒಬ್ಬ ಹೆಂಗಸು. ವ್ಯವಹಾರಸ್ಥ ಗಂಡಸರು ಜತೆಗಿದ್ದರೆ ನೋಡೋಣವೆಂದರು. ಆಕೆ ಧೃತಿಗೆಡಲಿಲ್ಲ. ಇಬ್ಬರು ಅರ್ಲ್ ಪದವಿಯ ಶ್ರೀಮಂತರು, ಇಬ್ಬರು ವಕೀಲರು, ಇಬ್ಬರು ಸ್ವತಂತ್ರ ಚರ್ಚಿನವರು, ಒಬ್ಬ ಬಿಷಪ್ ಇಷ್ಟು ಜನರನ್ನು ಕೂಡಿಸಿಕೊಂಡು, ಎಂಟನೆಯವಳಾಗಿ ತಾನು ನಿಂತಳು. 1906ರ ಮಾರ್ಚಿಯಲ್ಲಿ ಟ್ರಸ್ಟ್ ನೋಂದಣಿಯಾಯಿತು. 243 ಎಕರೆ ಭೂಮಿ ಅದರ ಕೈಗೆ ಬಂತು. 1907ರ ಮೇ 2ರಂದು, ಅಂದರೆ ರೈಲು ಬರುವುದಕ್ಕೆ ಏಳು ವಾರ ಮೊದಲು, 55 ವರ್ಷದ ಹೆನ್ರಿಯೆಟಾ ಗುದ್ದಲಿ ಪೂಜೆ ಮಾಡಿದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಾಗೆ! ಅಲ್ಲಿಯವರು ಹುಲ್ಲಿನ ಮೊದಲ ಹೆಂಟೆಯನ್ನು ಎತ್ತುತ್ತಾರೆ. ಅದೇ ವರ್ಷದ ಅಕ್ಟೋಬರ್ ವೇಳೆಗೆ ಮೊದಲ ಎರಡು ಮನೆಗಳು ಸಿದ್ಧವಾದವು.

ಊರನ್ನು ಬೆಸೆದ ಲೆಕ್ಕಾಚಾರ

ಈ ಊರಿನ ನಕ್ಷೆ ಬರೆದವರು ರೇಮಂಡ್ ಅನ್ವಿನ್. ವಿಲಿಯಂ ಮಾರಿಸ್ ಮತ್ತು ರಸ್ಕಿನ್ನರ ವಿಚಾರಗಳಿಂದ ಪ್ರಭಾವಿತರಾದ ಸಮಾಜವಾದಿ. ಸಹೋದ್ಯೋಗಿ ಬ್ಯಾರಿ ಪಾರ್ಕರ್ ಜತೆಗೂಡಿ ಲೆಚ್‌ವರ್ತ್ ಎಂಬ ಮೊದಲ ಉದ್ಯಾನ ನಗರದ ನಕ್ಷೆಯನ್ನೂ ಮಾಡಿದ್ದವರು. ಅಂದಿನ ಕಟ್ಟಡ ನಿಯಮಗಳ ಪ್ರಕಾರ ಎಲ್ಲ ಬೀದಿಗಳೂ ಅಗಲವಾಗಿರಬೇಕಾಗಿತ್ತು. ಗಾಳಿ ಬೆಳಕಿಗಾಗಿ ಮಾಡಿದ ನಿಯಮವೇ ಅದು. ಆದರೆ ಅಗಲವಾದ ಬೀದಿಗೆ ಕಲ್ಲು ಹಾಸುವ ಖರ್ಚು ಕೊನೆಗೆ ಚಿಕ್ಕ ಮನೆಯ ಬಾಡಿಗೆಯ ಮೇಲೆಯೇ ಬೀಳುತ್ತಿತ್ತು. ಬಡವನಿಗೆ ತೋಟ ಸಿಗುತ್ತಿರಲಿಲ್ಲ, ಕಲ್ಲುಹಾಸು ಸಿಗುತ್ತಿತ್ತು. ಅನ್ವಿನ್ ಇದನ್ನು ಬೇರೆ ರೀತಿಯಲ್ಲಿ ಯೋಚಿಸಿದರು. ಬಂಡಿಗಳು ಓಡಾಡದ ಕಿರುಬೀದಿ ಇಪ್ಪತ್ತು ಅಡಿಯಿದ್ದರೆ ಸಾಕು. ಅದರ ಎರಡೂ ಬದಿಯ ಮನೆಗಳ ನಡುವೆ ಐವತ್ತು ಅಡಿಯ ಅಂತರವಿರಲಿ. ಉಳಿದ ಜಾಗ ತೋಟವಾಗಲಿ. ಇದಕ್ಕೆ ಕಾನೂನಿನ ಅನುಮತಿ ಬೇಕಿತ್ತು. ಆ ಒಂದು ಊರಿಗಾಗಿಯೇ ಪಾರ್ಲಿಮೆಂಟು 1906ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿತು. ಎಕರೆಗೆ ಸರಾಸರಿ ಎಂಟಕ್ಕಿಂತ ಹೆಚ್ಚು ಮನೆ ಕೂಡದೆಂದೂ ಅದರಲ್ಲಿ ವಿಧಿಸಲಾಯಿತು.

ಮನೆಗೆ ಮನೆಗೆ ನಡುವೆ ಗೋಡೆಯಿಲ್ಲ, ಹಸಿರು ಬೇಲಿ ಮಾತ್ರ. ಬೀದಿಗೆ ಸಾಲುಮರ. ಕಾಡುತೋಪು ಮತ್ತು ಉದ್ಯಾನಗಳು ಎಲ್ಲ ನಿವಾಸಿಗಳಿಗೂ ಮುಕ್ತ. ಒಬ್ಬರ ಮನೆ ಇನ್ನೊಬ್ಬರ ನೋಟವನ್ನು ಕೆಡಿಸಬಾರದು. ಇವು ಕಣ್ಣಿಗೆ ಕಾಣುವ ಅಂಶಗಳು. ನಾನು ಮುಖ್ಯವೆಂದು ಭಾವಿಸುವುದು ಕಣ್ಣಿಗೆ ಕಾಣದ ಲೆಕ್ಕಾಚಾರವನ್ನು.

ಟ್ರಸ್ಟ್ ಭೂಮಿಯನ್ನು ಮಾರಲಿಲ್ಲ. ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟಿತು. ಬಯಲಿನ ಪಕ್ಕದ ಸುಂದರ ನಿವೇಶನಗಳಲ್ಲಿ ದೊಡ್ಡ ಮನೆ ಕಟ್ಟುವವರಿಂದ ಹೆಚ್ಚಿನ ನೆಲಬಾಡಿಗೆ ವಸೂಲು ಮಾಡಿತು. ಆ ಬಲದ ಮೇಲೆ ಊರಿನ ಉತ್ತರ ಭಾಗದ ಸುಮಾರು ಎಪ್ಪತ್ತು ಎಕರೆಗಳಲ್ಲಿ, ವಾರದ ಸಂಬಳದವರ ಮನೆಗಳಿಗೆ ಕಡಿಮೆ ನೆಲಬಾಡಿಗೆ ಇರಿಸಿತು. ಆ ಭಾಗದ ಮನೆಗಳನ್ನು ಕಟ್ಟಿದ್ದು ಬಾಡಿಗೆದಾರರ ಸಹಭಾಗಿತ್ವದ ಸಂಘ. 1901ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಇಂಥದೇ ಸಂಘ ಆರಂಭವಾಗಿತ್ತು. ಹೆನ್ರಿ ವಿವಿಯನ್ ಎಂಬ ಕಾರ್ಮಿಕ ಮುಂದಾಳು ಇದರ ಪ್ರವರ್ತಕರು. ಬಾಡಿಗೆಗೆ ಇರುವವನೇ ಸಂಘದಲ್ಲಿ ಷೇರುದಾರ. ಬಂಡವಾಳ ಹಾಕಿದವರಿಗೆ ಸಿಗುವ ಲಾಭಕ್ಕೆ ಮಿತಿ. ಮಿಕ್ಕ ಲಾಭ ಬಾಡಿಗೆದಾರರ ಹೆಸರಿಗೇ ಷೇರಾಗಿ ಸೇರುತ್ತಿತ್ತು. ನಮ್ಮ ಸಹಕಾರ ಸಂಘಗಳನ್ನು ಬಲ್ಲವರಿಗೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾದೀತು.

ಆದಾಯ ಮಾತ್ರವಲ್ಲ, ವಯಸ್ಸು ಮತ್ತು ಸ್ಥಿತಿಗತಿಗಳ ವೈವಿಧ್ಯವನ್ನೂ ಆಕೆ ಮರೆಯಲಿಲ್ಲ. ವೃದ್ಧರಿಗಾಗಿ ದಿ ಆರ್ಚರ್ಡ್ ಎಂಬ ಪುಟ್ಟ ಮನೆಗಳ ಸಮುಚ್ಚಯ ಬಂತು. ಒಂಟಿಯಾಗಿದ್ದು ದುಡಿಯುವ ಹೆಣ್ಣುಮಕ್ಕಳಿಗಾಗಿ 1909ರಲ್ಲಿ ಬೇಲಿ ಸ್ಕಾಟ್ ಎಂಬ ವಾಸ್ತುಶಿಲ್ಪಿ ವಾಟರ್‌ಲೋ ಕೋರ್ಟ್ ಎಂಬ ವಸತಿಯನ್ನು ರೂಪಿಸಿದರು. ನಡುವೆ ಅಂಗಳ, ಸುತ್ತ ಕಮಾನಿನ ಪಡಸಾಲೆ. ಚಿತ್ರ ನೋಡಿದರೆ ನಮ್ಮ ತೊಟ್ಟಿಮನೆಗಳ ನೆನಪಾಗುತ್ತದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಸೈನಿಕರ ವಿಧವೆಯರಿಗಾಗಿಯೂ ಮನೆಗಳು ಎದ್ದವು. 1911ರಲ್ಲಿ ಹೆನ್ರಿಯೆಟಾ ಸ್ಥಾಪಿಸಿದ ಹೆಣ್ಣುಮಕ್ಕಳ ಶಾಲೆ ಇಂದಿಗೂ ಆಕೆಯ ಹೆಸರಿನಲ್ಲೇ ನಡೆಯುತ್ತಿದೆ.

ಕೊರತೆಗಳು

ಇಲ್ಲಿಯವರೆಗೆ ಓದಿದವರಿಗೆ ಇದೊಂದು ಆದರ್ಶ ಗ್ರಾಮದಂತೆ ಕಾಣಬಹುದು. ಇತಿಹಾಸ ಬರೆಯುವವನು ಸ್ತುತಿಪಾಠಕನಾಗಬಾರದು. ಕೊರತೆಗಳನ್ನೂ ಹೇಳಬೇಕು.

ಮೊದಲನೆಯದು, ವೈಟ್‌ಚಾಪೆಲ್ಲಿನ ನಿಜವಾದ ಬಡವರು ಇಲ್ಲಿಗೆ ಬರಲಿಲ್ಲ. ಬಂದವರು ಕುಶಲಕರ್ಮಿಗಳು, ಗುಮಾಸ್ತರು, ಉಪಾಧ್ಯಾಯರು. ದಿನಗೂಲಿಯವನಿಗೆ ಬಾಡಿಗೆಯ ಜತೆಗೆ ದಿನವೂ ರೈಲಿನ ಖರ್ಚನ್ನು ಭರಿಸುವ ಶಕ್ತಿಯಿರಲಿಲ್ಲ. ಇಂದು ಕೆಲಸ ಇಲ್ಲಿ, ನಾಳೆ ಎಲ್ಲೋ ಎಂಬ ಸ್ಥಿತಿಯಲ್ಲಿದ್ದವನು ಹಡಗುಕಟ್ಟೆಯ ಹತ್ತಿರವೇ ಇರಬೇಕಾಗಿತ್ತು.

ಎರಡನೆಯದು, ಊರಿನ ನಡುವಣ ಚೌಕ. ಇದರ ವಿನ್ಯಾಸ ಪ್ರಸಿದ್ಧ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸರದು. ಎರಡು ಭವ್ಯ ಚರ್ಚುಗಳು, ವಿದ್ಯಾಸಂಸ್ಥೆ, ವಿಶಾಲವಾದ ಹುಲ್ಲುಹಾಸು ಎಲ್ಲವೂ ಇವೆ. ಅಂಗಡಿಯಿಲ್ಲ, ಸಂತೆಯಿಲ್ಲ, ಕುಳಿತು ಹರಟುವ ಕಟ್ಟೆಯಿಲ್ಲ. ಅಂಗಡಿಗಳನ್ನು ಊರಿನ ಅಂಚಿಗೆ ಕಳಿಸಲಾಗಿತ್ತು. ಮದ್ಯದಂಗಡಿಯಂತೂ ಕೂಡದು. ಒಳ್ಳೆಯ ಉದ್ದೇಶದಿಂದ ಮಾಡಿದ್ದೇ ಆದರೂ ಜನ ಜನರನ್ನು ಸಂಧಿಸುವುದು ಉಪ್ಪು ಮೆಣಸು ತರಲು ಹೋದಲ್ಲಿ ಎಂಬುದನ್ನು ಯೋಜಕರು ಮರೆತರು. ಕುಶಲಕರ್ಮಿಗಳ ಭಾಗದಲ್ಲಿದ್ದ ಕ್ಲಬ್ ಮನೆ ಆ ಕೊರತೆಯನ್ನು ಸ್ವಲ್ಪ ತುಂಬಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದು ಬಾಂಬಿಗೆ ತುತ್ತಾಯಿತು.

ಮೂರನೆಯದು, ಬಡವರ ಭಾಗ, ಉಳ್ಳವರ ಭಾಗ ಎಂಬ ಗೆರೆ ಊರಿನೊಳಗೂ ಉಳಿಯಿತು. ಒಂದೇ ಊರಾದರೂ ಒಂದೇ ಬೀದಿಯಾಗಲಿಲ್ಲ.

ಇವೇ ಲುಟ್ಯೆನ್ಸ್ 1912ರಲ್ಲಿ ಹೊಸದಿಲ್ಲಿಯ ಕೆಲಸಕ್ಕೆ ಭಾರತಕ್ಕೆ ಬಂದರೆಂಬುದು ನಿಮಗೆಲ್ಲ ಗೊತ್ತಿದೆ. ಅಲ್ಲಿಯೂ ಮರಗಳ ಸಾಲು, ತೋಟದ ಮನೆಗಳು ಬಂದವು. ಆದರೆ ಯಾವ ದರ್ಜೆಯ ಅಧಿಕಾರಿಗೆ ವೈಸರಾಯರ ಭವನದಿಂದ ಎಷ್ಟು ದೂರದಲ್ಲಿ, ಎಷ್ಟು ದೊಡ್ಡ ಮನೆ ಎಂಬುದು ಪದವಿ ಮತ್ತು ವರ್ಣವನ್ನು ಅನುಸರಿಸಿ ನಿರ್ಧಾರವಾಯಿತು. ಉದ್ಯಾನ ನಗರದ ರೂಪ ನಮ್ಮ ದೇಶಕ್ಕೆ ಬಂತು. ಹೆನ್ರಿಯೆಟಾಳ ಆಶಯ ಬರಲಿಲ್ಲ. ನಮ್ಮವರನ್ನು ಬಿಟ್ಟು ಪರರನ್ನು ದೂರುವುದು ಸರಿಯಲ್ಲ. 1898ರ ಪ್ಲೇಗಿನ ನಂತರ ವೇಗವಾಗಿ ಬೆಳೆದ ನಮ್ಮ ಮಲ್ಲೇಶ್ವರ, ಬಸವನಗುಡಿಗಳು ಗಾಳಿ ಬೆಳಕಿನ ದೃಷ್ಟಿಯಿಂದ ಮಾದರಿ ಬಡಾವಣೆಗಳೇ. ಅಲ್ಲಿಯೂ ನಿವೇಶನಗಳನ್ನು ಹಂಚುವಾಗ ಜಾತಿ ಸಮುದಾಯಗಳಿಗೆ ಬೇರೆ ಬೇರೆ ಭಾಗಗಳನ್ನು ಗುರುತಿಸಲಾಗಿತ್ತು. ಹಳೆಯ ಊರಿನ ಕೇರಿಗಳು ಹೊಸ ನಕ್ಷೆಯಲ್ಲಿ ನೇರ ಗೆರೆಗಳಾಗಿ ಮೂಡಿದವು, ಅಷ್ಟೆ.

ಬೇಲಿ ಉಳಿಯಿತು, ಬಾಡಿಗೆ ಉಳಿಯಲಿಲ್ಲ

ಹೆನ್ರಿಯೆಟಾ 1936ರಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಊರು ಸಾಕಷ್ಟು ಹಿಗ್ಗಿತ್ತು. ಮೊದಲ ಮಹಾಯುದ್ಧದ ನಂತರ ಕಟ್ಟುವ ಖರ್ಚು ಏರಿದ್ದರಿಂದ ಹೊಸ ಭಾಗಗಳಲ್ಲಿ ಮಧ್ಯಮ ವರ್ಗದವರ ಮನೆಗಳೇ ಹೆಚ್ಚಾಗಿ ಬಂದವು. ರೈಲು 1924ರ ಹೊತ್ತಿಗೆ ಇನ್ನೂ ಉತ್ತರಕ್ಕೆ, ಎಡ್ಜ್‌ವೇರ್‌ವರೆಗೆ ಹೋಯಿತು. ಗೋಲ್ಡರ್ಸ್ ಗ್ರೀನಿನ ಹೊಲಗಳು ಕಾಣೆಯಾಗಿ ಅಂಗಡಿ ಬೀದಿಗಳಾದವು. ನಿಲ್ದಾಣ ಹತ್ತಿರವಿದ್ದ, ಬಯಲೂ ಹತ್ತಿರವಿದ್ದ ಆ ಊರಿನ ನೆಲಕ್ಕೆ ಚಿನ್ನದ ಬೆಲೆ ಬಂತು.

ಎರಡನೆಯ ಮಹಾಯುದ್ಧದ ನಂತರ ಸಹಭಾಗಿತ್ವದ ಸಂಘಗಳು ಕ್ರಮೇಣ ವಾಣಿಜ್ಯ ಬಂಡವಾಳಗಾರರ ವಶವಾದವು. ಚಿಕ್ಕ ಮನೆಗಳು ಖಾಲಿಯಾದಂತೆಲ್ಲ ಮಾರಾಟಕ್ಕೆ ಬಂದವು. 1967ರ ಗುತ್ತಿಗೆ ಸುಧಾರಣಾ ಕಾಯಿದೆ, ದೀರ್ಘಾವಧಿ ಗುತ್ತಿಗೆದಾರರಿಗೆ ನೆಲದ ಪೂರ್ಣ ಒಡೆತನವನ್ನು ಕೊಳ್ಳುವ ಹಕ್ಕು ಕೊಟ್ಟಿತು. ಸಾಮಾನ್ಯ ಗುತ್ತಿಗೆದಾರನನ್ನು ಜಮೀನ್ದಾರನ ಹಿಡಿತದಿಂದ ಬಿಡಿಸಲು ಮಾಡಿದ ಕಾಯಿದೆ ಅದು. ಇಲ್ಲಿ ಮಾತ್ರ ಜಮೀನ್ದಾರನ ಸ್ಥಾನದಲ್ಲಿದ್ದದ್ದು ಎಲ್ಲರ ಹಿತಕ್ಕಾಗಿ ಹುಟ್ಟಿದ ಟ್ರಸ್ಟ್. ನೆಲ ಕೈಬಿಟ್ಟರೆ ಊರಿನ ಅಂದ ಹಾಳಾದೀತೆಂದು ನಿವಾಸಿಗಳು ಎಚ್ಚೆತ್ತರು. 1968ರಲ್ಲಿ ಹೊಸ ಟ್ರಸ್ಟ್ ರಚನೆಯಾಯಿತು. ಕಿಟಕಿ ಬಾಗಿಲುಗಳ ರೂಪ, ಹಸಿರು ಬೇಲಿ, ಮರಗಳು ಇವನ್ನು ಯಾರೂ ಮನಬಂದಂತೆ ಬದಲಿಸದ ಹಾಗೆ ನಿಯಮಗಳಾದವು. ಆ ನಿಯಮಗಳು ಇಂದಿಗೂ ಜಾರಿಯಲ್ಲಿವೆ. ಊರು ಇಂದಿಗೂ ಸುಂದರವಾಗಿದೆ.

ಬೇಲಿಯ ಎತ್ತರಕ್ಕೆ ಕಾವಲಿತ್ತು. ಬಾಡಿಗೆಯ ಎತ್ತರಕ್ಕೆ ಕಾವಲಿರಲಿಲ್ಲ. ವಾರದ ಕೂಲಿಯವರಿಗೆಂದು ಕಟ್ಟಿದ ಪುಟ್ಟ ಮನೆಗಳನ್ನು ಇಂದು ಕೊಳ್ಳಬೇಕಾದರೆ ವೈದ್ಯರೋ ವಕೀಲರೋ ಆಗಿರಬೇಕು. ವೃದ್ಧರ ಆರ್ಚರ್ಡ್ ವಸತಿಯನ್ನು ಕೆಡವಿ ಹೊಸದಾಗಿ ಕಟ್ಟಲಾಯಿತು. ಎಲ್ಲ ವರ್ಗದವರೂ ಕೂಡಿ ಬಾಳಲೆಂದು ನಿರ್ಮಿಸಿದ ಊರು ಲಂಡನ್ನಿನ ಅತಿ ದುಬಾರಿ ಬಡಾವಣೆಗಳಲ್ಲಿ ಒಂದಾಗಿದೆ.

ಹಾಗಾದರೆ ಆಕೆ ಸೋತಳೇ? ನಾನು ಹಾಗೆ ಭಾವಿಸುವುದಿಲ್ಲ. ಅನ್ವಿನ್ನರು ಇಲ್ಲಿ ಕಲಿತದ್ದು ಮುಂದೆ ಇಂಗ್ಲೆಂಡಿನ ಸರ್ಕಾರಿ ವಸತಿ ನಿರ್ಮಾಣಕ್ಕೆ ಅಡಿಪಾಯವಾಯಿತು. 1918ರ ಟ್ಯೂಡರ್ ವಾಲ್ಟರ್ಸ್ ಸಮಿತಿಯ ವರದಿಯಲ್ಲಿ ಅವರ ಪಾತ್ರ ದೊಡ್ಡದು. ಎಕರೆಗೆ ಹನ್ನೆರಡು ಮನೆ, ಮುಂದೆ ಹಿಂದೆ ತೋಟ ಎಂಬ ಸೂತ್ರದಂತೆ ಲಕ್ಷಾಂತರ ಕಾರ್ಮಿಕರಿಗೆ ಮನೆಗಳಾದವು. ಮನೆ ಸಿಕ್ಕಿತು ನಿಜ. ಬೆರೆತು ಬಾಳುವ ಆಶಯ ಮತ್ತೆ ಹಿಂದೆ ಬಿತ್ತು.

ಅರಸೀಕೆರೆಯ ಬೆಂಚುಗಳು

ಇದನ್ನೆಲ್ಲ ಬರೆಯುವಾಗ ನನಗೆ ಅರಸೀಕೆರೆಯ ದಿನಗಳು ನೆನಪಾಗುತ್ತಿವೆ. 1986ರಿಂದ ಕೆಲವು ವರ್ಷ ನಾನು ಅಲ್ಲಿ ಉಪಾಧ್ಯಾಯನಾಗಿದ್ದೆ. ಜಂಕ್ಷನ್ ಊರು. ಗಾಡಿಯ ಸಿಳ್ಳು ಕೇಳಿದರೆ ಹುಡುಗರು ಎಷ್ಟು ಗಂಟೆಯೆಂದು ಹೇಳುತ್ತಿದ್ದರು. ನನ್ನ ತರಗತಿಯ ಎರಡನೆಯ ಬೆಂಚಿನಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್ನನ ಮಗ, ರೈಲ್ವೆ ಅಧಿಕಾರಿಯೊಬ್ಬರ ಮಗ, ಕೊಬ್ಬರಿ ಮಂಡಿಯ ಸಾಹುಕಾರರ ಮಗ ಮೂವರೂ ಒಟ್ಟಿಗೆ ಕೂರುತ್ತಿದ್ದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ದರ್ಜೆಗೊಂದು ಮನೆ ಇದ್ದೇ ಇತ್ತು. ಆದರೆ ಎಲ್ಲರ ಮನೆಯೂ ಶಾಲೆಗೆ ನಡೆದು ಬರುವಷ್ಟು ದೂರದಲ್ಲಿತ್ತು. ಮಧ್ಯಾಹ್ನದ ಬುತ್ತಿಯ ಮುದ್ದೆ, ಚಿತ್ರಾನ್ನಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಗ್ಯಾಂಗ್‌ಮನ್ನನ ಮಗನಿಗೆ ಗಣಿತ ಚೆನ್ನಾಗಿ ಬರುತ್ತಿತ್ತು, ಸಾಹುಕಾರರ ಮಗನಿಗೆ ಅವನೇ ಹೇಳಿಕೊಡುತ್ತಿದ್ದ. ಇಬ್ಬರೂ ಇದನ್ನು ಓದುತ್ತಾರೆಂದು ಬಲ್ಲೆ, ಹೆಸರು ಹೇಳುವುದಿಲ್ಲ.

ನನ್ನ ನಿವೃತ್ತಿಯ ಹೊತ್ತಿಗೆ, ಬೇರೊಂದು ಊರಿನಲ್ಲಿ, ಬೆಂಚುಗಳು ಅವೇ ಇದ್ದವು. ಕೂರುವವರು ಒಂದೇ ಬಗೆಯವರಾಗಿದ್ದರು. ಉಳ್ಳವರು ಹೊಸ ಬಡಾವಣೆಗಳಿಗೆ ಹೋಗಿದ್ದರು. ಅವರ ಮಕ್ಕಳನ್ನು ಬೆಳಿಗ್ಗೆ ವ್ಯಾನು ಬಂದು ಕರೆದೊಯ್ಯುತ್ತಿತ್ತು. ನಮ್ಮ ಶಾಲೆಯ ಛಾವಣಿ ಸೋರಿದರೆ ಅಧಿಕಾರಿಗಳ ಬಳಿ ಹೋಗಿ ಗಟ್ಟಿಯಾಗಿ ಕೇಳಬಲ್ಲ ಪೋಷಕರು ಆಗ ಉಳಿದಿರಲಿಲ್ಲ. ಜನ ಬೇರೆ ಬೇರೆಯಾಗಿ ಬಾಳತೊಡಗಿದರೆ ಏನಾಗುತ್ತದೆಂದು ಹೆನ್ರಿಯೆಟಾ ವೈಟ್‌ಚಾಪೆಲ್ಲಿನಲ್ಲಿ ಕಂಡದ್ದನ್ನು ನಾನು ಸೋರುವ ಛಾವಣಿಯ ಕೆಳಗೆ ಕಂಡೆ.

ಈಗ ಬೆಂಗಳೂರಿಗೆ ಉಪನಗರ ರೈಲು ಬರುತ್ತಿದೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯಲ್ಲಿ ನಾಲ್ಕು ಮಾರ್ಗಗಳು, ಒಟ್ಟು ಸುಮಾರು 148 ಕಿಲೋಮೀಟರ್ ಇವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಿದ್ದೀರಿ, ಸರ್ಕಾರಿ ಕಚೇರಿಗಳಲ್ಲಿರುವವರಿದ್ದೀರಿ, ನಿವೇಶನ ಕೊಳ್ಳುವ ಯೋಚನೆಯಲ್ಲಿರುವವರಂತೂ ಬಹಳ ಜನ. ನಿಮಗೆ ಈ ಇತಿಹಾಸದಿಂದ ಎರಡು ಮಾತು ಹೇಳಬಯಸುತ್ತೇನೆ.

ನಿಲ್ದಾಣ ಬಂದ ಮೇಲೆ ಬಡವರ ಮನೆಗಳಿಗೆ ಜಾಗ ಹುಡುಕಿದರೆ ಸಿಗುವುದಿಲ್ಲ. ಹೆನ್ರಿಯೆಟಾ ಭೂಮಿ ಹಿಡಿದದ್ದು ರೈಲು ಬರುವ ಮೊದಲು. ಇದು ಮೊದಲನೆಯ ಮಾತು. ಎರಡನೆಯದು, ಮನೆ ಕಟ್ಟಿಕೊಟ್ಟು ಮಾರಿಬಿಟ್ಟರೆ ಬೆರೆತ ಊರು ಬಹುಕಾಲ ಬೆರೆತಿರುವುದಿಲ್ಲ. ಅಗ್ಗದ ಬಾಡಿಗೆ ಅಗ್ಗವಾಗಿಯೇ ಉಳಿಯಬೇಕಾದರೆ ನೆಲ ಸಾರ್ವಜನಿಕರ ಕೈಯಲ್ಲೇ ಉಳಿಯಬೇಕು. ನಿಲ್ದಾಣದಿಂದ ನೆಲಕ್ಕೆ ಬಂದ ಬೆಲೆ ಎಲ್ಲರ ತೆರಿಗೆಯಿಂದ ಬಂದದ್ದು. ಅದರಲ್ಲಿ ಅಡುಗೆಯವಳಿಗೂ ಒಂದು ಪಾಲಿದೆ.

ತಂಗಿಯ ಮಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮಗೂ, ಅದು ನ್ಯಾಯವಲ್ಲ. ಅದು ವಿಧಿಯೂ ಅಲ್ಲ. ಒಮ್ಮೆ ಕೆಲವರು ಕುಳಿತು ಲೆಕ್ಕ ಹಾಕಿ ಬೇರೆ ರೀತಿಯಲ್ಲಿ ಮಾಡಿ ತೋರಿಸಿದ್ದರು. ಸುಮಾರು ಅರ್ಧ ಶತಮಾನ ಅದು ನಡೆಯಿತು ಕೂಡ.

ಮುಂದಿನ ಸಲ ಬರುವಾಗ ನಿಮ್ಮ ಮನೆಯ ಆ ಹೆಂಗಸಿಗೆ ಬಸ್ಸಿಗೆ ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಕೇಳಿಕೊಂಡು ಬಾ. ಆಕೆಯ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಯಾರು ಹೊರಡಿಸುತ್ತಾರೆಂಬುದನ್ನೂ ಕೇಳು. ಮೇಷ್ಟರಾಗಿದ್ದವನಿಗೆ ಅದು ತಿಳಿಯಬೇಕೆನಿಸುತ್ತದೆ.